ಬಲ್ಬಿನ ಹಳದಿ

ಈಗೀಗ ಉಮಾನಾಥನಿಗೆ ಎದುರು ಬಂದವರ ಮುಖಕ್ಕಿಂತ ಮೊದಲು ಅವರ ಕಣ್ಣಿನ ಬಿಳಿ ಕಾಣುತ್ತದೆ. ಬೆಳಿಗ್ಗೆ ಹಾಲು ತಂದವನದ್ದು ಕಂಡಿತು; ಸ್ವಲ್ಪ ಕೆಂಪು, ನಿದ್ದೆ ಸಾಲದ್ದು. ಗಲ್ಫಿಗೆ ಹೊರಟು ಪಾಸ್‌ಪೋರ್ಟ್ ಫೋಟೋ ತೆಗೆಸಲು ಬಂದ ಹುಡುಗನನ್ನು ಸ್ಟೂಲಿನ ಮೇಲೆ ಕೂರಿಸಿ, ಗಲ್ಲ ಎತ್ತಿ, ಕ್ಯಾಮರಾದ ಕಿಂಡಿಯಲ್ಲಿ ಎಷ್ಟು ಹೊತ್ತು ನೋಡುತ್ತ ನಿಂತನೆಂದರೆ ಆ ಹುಡುಗ, 'ಎಂತ ಸರ್, ನನ್ನ ಮುಖದಲ್ಲಿ ಎಂತ ಉಂಟು?' ಎಂದು ಕೇಳಿದ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ ಹೆಂಡತಿ ಸುಭಾಷಿಣಿಯೂ ಅದನ್ನೇ ಹೇಳಿದಳು. ಅನ್ನ ಬಡಿಸುತ್ತಿದ್ದವಳು ಸೌಟು ಹಿಡಿದುಕೊಂಡೇ, 'ನೀವು ನನ್ನನ್ನು ಹಾಗೆ ನೋಡಬೇಡಿ. ಹೆಣ ನೋಡಿದ ಹಾಗೆ ಆಗ್ತದೆ' ಎಂದಳು. ಅವನು ತಲೆ ತಗ್ಗಿಸಿ ಉಂಡ. ಸುಭಾಷಿಣಿಯ ಕಣ್ಣು ಬೆಳ್ಳಗೇ ಇತ್ತು. ಅದು ಖಚಿತವಾಗಲು ಅವನು ಅವಳನ್ನು ಕಿಟಕಿಯ ಬಳಿ ಕರೆಯಬೇಕೆಂದುಕೊಂಡದ್ದು, ಕರೆದರೆ ಅವಳು ಗಾಬರಿಯಾಗುತ್ತಾಳೆಂದು ಸುಮ್ಮನಾದದ್ದು ಅವಳಿಗೆ ಗೊತ್ತಿಲ್ಲ. ಗೋಡೆಗೆ ಒರಗಿಸಿಟ್ಟ ಫ್ರೇಮನ್ನು ಅವಳೇ ಹಳೆ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿಕೊಟ್ಟಳು. 'ಪಾಪ, ವನಜಕ್ಕನಿಗೆ ಕೊಟ್ಟು ಬೇಗ ಬನ್ನಿ. ಅಲ್ಲಿ ಅಳುತ್ತ ಕೂರಬೇಡಿ' ಎಂದಳು. ಅಳುವ ಯೋಗ್ಯತೆ ತನಗೆಲ್ಲಿ ಉಂಟು ಎಂದು ಅವನಿಗೆ ಅನ್ನಿಸಿತು.

ಕಾಪುವಿನಿಂದ ಇನ್ನಂಜೆಗೆ ಹೋಗುವ ಬಸ್ಸಿನಲ್ಲಿ ಫ್ರೇಮನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಕೂತ. ಫ್ರೇಮಿನೊಳಗೆ ಮೋಹಿನಿ, ವನಜಾಕ್ಷಿಯ ದೊಡ್ಡ ಮಗಳು. ಕಾರ್ಕಳದ ಗಂಡನ ಮನೆಯಲ್ಲಿ ಬಯಕೆ, ಅವಳ ಸೀಮಂತ, ನಡೆದ ದಿನ ಮಣೆಯ ಮೇಲೆ ಕೂತು ನಕ್ಕದ್ದು. ಅದೇ ನಗುವಿನ ಇನ್ನೊಂದು ಪ್ರತಿ, ಅಂಗೈಯಗಲದ್ದು, ಅವನ ಅಂಗಿಯ ಜೇಬಿನಲ್ಲಿತ್ತು. ದೊಡ್ಡದರಲ್ಲಿ ಅವಳ ಕಣ್ಣು ಬೆಳ್ಳಗಿದೆ. ಜೇಬಿನಲ್ಲಿರುವುದರಲ್ಲಿ ಹಳದಿ. ಇವತ್ತು ಹೇಳಿಯೇಬಿಡುವುದೆಂದು ಅವನು ಬೆಳಿಗ್ಗೆ ಸ್ನಾನ ಮಾಡುವಾಗಲೇ ತೀರ್ಮಾನಿಸಿದ್ದ. ದೊಡ್ಡದನ್ನು ಕೈಗೆ ಕೊಟ್ಟ ಮೇಲೆ ಚಿಕ್ಕದನ್ನು ತೆಗೆಯುವುದು, ವನಜಕ್ಕ, ನಿಮ್ಮ ಮಗಳು ಅವತ್ತೇ ಹೀಗಿದ್ದಳು, ನೀವು ಹೇಳಿದ್ದೇ ಸರಿ, ನಾನು ಬಾಯಿಗೆ ಬಂದ ಹಾಗೆ ಮಾತಾಡಿದೆ ಎನ್ನುವುದು. ಆಮೇಲೆ ಅವಳು ಬೈಯಲಿ, ಉಗುಳಲಿ. ಉಗುಳಿದರೆ ಒರೆಸಿಕೊಳ್ಳದೆ ನಿಲ್ಲುವುದೆಂದೂ ಯೋಚಿಸಿದ್ದ. ಹಾಗೆ ನಿಂತ ತನ್ನ ಚಿತ್ರ ಕಣ್ಣಿಗೆ ಕಟ್ಟಿ, ಅದು ಒಂದು ಒಳ್ಳೆಯ ಫೋಟೋದ ಹಾಗೆ ಕಂಡು, ತನ್ನ ಮೇಲೆಯೇ ಹೇಸಿಗೆಯಾಯಿತು. ಪಶ್ಚಾತ್ತಾಪ ಪಡುವಾಗಲೂ ಎಲ್ಲಿಂದ ಬೆಳಕು ಬಿದ್ದರೆ ಚಂದ ಎಂದು ನೋಡುವ ಜಾತಿ ತನ್ನದು.

ಬೆಳಕು ತನಗೆ ಗೊತ್ತು ಎನ್ನುವ ಜಂಬ ಅವನಿಗೆ ಹುಟ್ಟಿದ್ದು ಒಂದು ಅವಮಾನದಿಂದ. ಎಂಬತ್ತೆರಡರಲ್ಲಿ ಮೋಹಿನಿಯ ಮದುವೆ ಉಡುಪಿಯ ಹಾಲೊಂದರಲ್ಲಿ ಆಯಿತು. ಅವನು ಕಲರ್ ರೋಲ್ ಹಾಕಿ ತೆಗೆದ ಮೊದಲ ದೊಡ್ಡ ಮದುವೆ. ಎಲ್ಲರ ಹಾಗೆ ಅವನೂ ಫ್ಲಾಶನ್ನು ಮುಖಕ್ಕೆ ನೇರ ಹೊಡೆದಿದ್ದ. ಆಲ್ಬಮ್ ಕೊಡಲು ಹೋದ ದಿನ ಮದುಮಗ ತಾರಾನಾಥ ಮಸ್ಕತ್ತಿಗೆ ಹೊರಡುವ ತಯಾರಿಯಲ್ಲಿದ್ದ. ಮನೆ ತುಂಬ ನೆಂಟರು. ಆಲ್ಬಮ್ ಬಿಡಿಸಿ, 'ಇದೆಂತ ಮಾರಾಯ್ರೆ, ನನ್ನ ಹೆಂಡತಿಗೆ ಸುಣ್ಣ ಬಳಿದಿದ್ದೀರಾ? ಹಿಂದೆ ಹಾಲ್ ಇತ್ತಲ್ಲ, ಅದೆಲ್ಲಿ ಹೋಯ್ತು? ಬಾವಿಯೊಳಗೆ ಮದುವೆ ಆದ ಹಾಗೆ ಉಂಟು' ಎಂದ. ಎಲ್ಲರೂ ನಕ್ಕರು. ಉಮಾನಾಥನೂ ನಕ್ಕ, ಅದೇ ಹೆಚ್ಚು ಉರಿಯುವುದು. ನಗದೆ ಬಾಗಿಲು ದಾಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ತಾರಾನಾಥ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಫ್ಲಾಶಿನದ್ದು ಹಗಲಿನ ಹಾಗೆ ಬಿಳಿ ಬೆಳಕು, ಮನೆಯ ಬಲ್ಬಿನದ್ದು ಹಳದಿ. ಎರಡೂ ಸೇರಿದಲ್ಲಿ ಮುಖ ಒಂದು ಊರಿನದ್ದು, ಗೋಡೆ ಇನ್ನೊಂದು ಊರಿನದ್ದು. ಆಮೇಲೆ ಎರಡು ವರ್ಷ ಅವನು ಇದನ್ನೇ ತಲೆಗೆ ಹಚ್ಚಿಕೊಂಡ. ನಾಟಕದವರು ದೀಪಕ್ಕೆ ಕಟ್ಟುವ ಹಳದಿ ಜಿಲೆಟಿನ್ ಕಾಗದವನ್ನು ಫ್ಲಾಶಿನ ಬಾಯಿಗೆ ಕಟ್ಟಿದ. ಆಗ ಫ್ಲಾಶ್ ಕೂಡ ಬಲ್ಬಿನ ಬಣ್ಣಕ್ಕೆ ಬರುತ್ತದೆ. ಶಟರನ್ನು ನಿಧಾನ ಮಾಡಿದರೆ ಕೋಣೆಯ ಬೆಳಕೂ ಫಿಲ್ಮಿಗೆ ಇಳಿಯುತ್ತದೆ. ಇಡೀ ಚಿತ್ರಕ್ಕೆ ಒಂದೇ ಸಮ ಹಳದಿ. ಆ ಹಳದಿಯನ್ನು ಮಂಗಳೂರಿನ ಲ್ಯಾಬಿನಲ್ಲಿ ಪ್ರಿಂಟ್ ಹಾಕುವಾಗ ತೆಗೆಸಿಬಿಟ್ಟರಾಯಿತು, ಸುಣ್ಣ ಸುಣ್ಣದ ಹಾಗೆ, ಹೂವು ಹೂವಿನ ಹಾಗೆ, ಮನುಷ್ಯ ಮನುಷ್ಯನ ಹಾಗೆ ಕಾಣುತ್ತಾನೆ. ಉಡುಪಿಯ ದೊಡ್ಡ ಸ್ಟುಡಿಯೋದವರೂ ಇದನ್ನು ಮಾಡುತ್ತಿರಲಿಲ್ಲ. ಬಯಕೆಯ ಫೋಟೋ ಮಸ್ಕತ್ತಿಗೆ ಹೋಗುತ್ತದೆ, ಗಂಡ ನೋಡುತ್ತಾನೆ ಎಂದು ವನಜಾಕ್ಷಿ ಸ್ಟುಡಿಯೋಕ್ಕೆ ಬಂದು ಹೇಳಿದಾಗ ಉಮಾನಾಥನಿಗೆ ಮೊದಲು ನೆನಪಾದದ್ದು ಆ ನಗು. ನೋಡಲಿ ಆ ಮನುಷ್ಯ ಎಂದುಕೊಂಡ.

ಬಸ್ಸು ನಿಂತಿತು. ಬುಟ್ಟಿ ಹಿಡಿದ ಹೆಂಗಸೊಬ್ಬಳು ಪಕ್ಕದಲ್ಲಿ ಕೂತಳು. ಬುಟ್ಟಿಯಲ್ಲಿ ಬಾಳೆಯ ನಾರಿನಲ್ಲಿ ಕಟ್ಟಿದ ಶಂಕರಪುರದ ಮಲ್ಲಿಗೆಯ ಚೆಂಡುಗಳು. ಉಮಾನಾಥ ಮುಖ ಆಚೆ ತಿರುಗಿಸಿದ. ವಾಸನೆಯನ್ನು ಹಾಗೆ ತಿರುಗಿಸಲು ಆಗಲಿಲ್ಲ. ಕಾರ್ಕಳದ ಆ ಚಾವಡಿಯಲ್ಲಿಯೂ ಇದೇ ವಾಸನೆ ಇತ್ತು, ಹುರಿದ ಕೋಳಿಯ ಜೊತೆಗೆ. ಆಗಸ್ಟ್ ತಿಂಗಳು, ಹೊರಗೆ ಮೋಡ. ಒಳಗೆ ಎರಡು ಬಲ್ಬು, ವೋಲ್ಟೇಜ್ ಇಲ್ಲದೆ ಹಣ್ಣಾದ ಬೆಳಕು. ಮೋಹಿನಿಯ ಬೆನ್ನಿಗೆ ಒಂದು ದೊಡ್ಡ ಕಿಟಕಿ ತೆರೆದಿತ್ತು. ಅಲ್ಲಿಂದ ಬಿಳಿ ಬೆಳಕು ಬಂದು ಅವಳ ಭುಜದ ಮೇಲೆ ಬೀಳುತ್ತಿತ್ತು. ಅದನ್ನು ಮುಚ್ಚಿಸಿದವನು ಅವನು. 'ಕಿಟಕಿ ಹಾಕಿ ಅಕ್ಕ, ಬಾಗಿಲೂ ಸ್ವಲ್ಪ ಎಳೆಯಿರಿ. ಎರಡು ಬಣ್ಣದ ಬೆಳಕು ಸೇರಿದರೆ ಫೋಟೋ ಹಾಳು' ಎಂದ. ಮೋಹಿನಿಯ ಅತ್ತೆ ಪ್ರಭಾವತಿ, 'ಸೆಕೆ ಆಗ್ತದಲ್ಲ' ಎಂದರೂ ಹಾಕಿಸಿದಳು. ಮೋಹಿನಿಗೆ ಹಸಿರು ಸೀರೆ, ಹಸಿರು ಬಳೆ, ಜಡೆಯ ತುಂಬ ಮಲ್ಲಿಗೆ. ಎಲೆಯ ತುಂಬ ಬಡಿಸಿದ್ದನ್ನು ಅವಳು ಮುಟ್ಟಲಿಲ್ಲ. ಎಣ್ಣೆಯ ವಾಸನೆ ಆಗುವುದಿಲ್ಲ ಎಂದಳು. ಹೆಂಗಸರು, ಗಂಡು ಮಗುವಾ ಹೆಣ್ಣು ಮಗುವಾ ಎಂದು ಅದರಲ್ಲೇ ಲೆಕ್ಕ ಹಾಕಿ ನಕ್ಕರು. ಮಗಳನ್ನು ಮೂರು ತಿಂಗಳ ಮೇಲೆ ನೋಡುತ್ತಿದ್ದ ವನಜಾಕ್ಷಿ ಮಾತ್ರ ನಗಲಿಲ್ಲ. ಆರತಿ ಎತ್ತಲು ಹೊರಟವಳು ನಿಂತು, ಮಗಳ ಗಲ್ಲ ಹಿಡಿದು ಮುಖವನ್ನು ಬಲ್ಬಿನ ಕಡೆಗೆ ತಿರುಗಿಸಿದಳು.

'ಇವಳ ಕಣ್ಣು ಹಳದಿ ಕಾಣ್ತದಲ್ಲ, ಪ್ರಭಾವತಿಯವರೆ? ನಾನು ಇವತ್ತೇ ಕರ್ಕೊಂಡು ಹೋಗಿ ಮಣಿಪಾಲದಲ್ಲಿ ಒಮ್ಮೆ ತೋರಿಸ್ತೇನೆ.'

'ವೋಲ್ಟೇಜ್ ಇಲ್ಲ. ಈ ಮನೆಯಲ್ಲಿ ಎಲ್ಲರೂ ಹಳದಿಯೇ' ಎಂದಳು ಪ್ರಭಾವತಿ. 'ಅಷ್ಟಮಿ ಕಳೆಯಲಿ, ಮುಂಬಯಿಯಿಂದ ನನ್ನ ಮಗಳು ಬರ್ತಾಳೆ, ಅವಳು ನೋಡಿದ ಮೇಲೆ ಕಳಿಸಿಕೊಡ್ತೇವೆ.'

ವನಜಾಕ್ಷಿ ಅವನ ಕಡೆ ತಿರುಗಿದಳು. 'ನೀನು ಹೇಳು ಉಮಾನಾಥ. ನಿನಗೆ ಬೆಳಕಿನ ವಿಷಯ ಗೊತ್ತುಂಟಲ್ಲ.'

ಅಷ್ಟು ಹೆಂಗಸರು ಒಮ್ಮೆಗೇ ಅವನನ್ನು ನೋಡಿದರು. ಯಾರೂ ನಗುತ್ತಿರಲಿಲ್ಲ. ಅವನು ಕ್ಯಾಮರಾ ಕೆಳಗಿಳಿಸಿ, ಗಂಟಲು ಸರಿ ಮಾಡಿಕೊಂಡು, ಶಾಲೆಯ ಮಾಸ್ತರರ ಹಾಗೆ ಮಾತಾಡಿದ. 'ಬಲ್ಬಿನದ್ದೇ ವನಜಕ್ಕ. ಬಲ್ಬಿನ ಹಳದಿ ನಮ್ಮ ಕಣ್ಣಿಗೆ ಒಮ್ಮೆ ಗೊತ್ತಾಗ್ತದೆ, ಒಮ್ಮೆ ಗೊತ್ತಾಗುವುದಿಲ್ಲ. ಕಣ್ಣು ಮೋಸ ಹೋಗ್ತದೆ, ಫಿಲ್ಮ್ ಮೋಸ ಹೋಗುವುದಿಲ್ಲ. ಫೋಟೋ ಬರಲಿ, ಇವಳ ಕಣ್ಣು ತಲೆಯ ಹೂವಿನಷ್ಟೇ ಬಿಳಿ ಇರ್ತದೆ, ನೋಡಿ.' ಮೋಹಿನಿ, 'ಅಮ್ಮನಿಗೆ ಯಾವಾಗಲೂ ಹೆದರಿಕೆ' ಎಂದು ನಕ್ಕಳು. ಅವನು ಕೂಡಲೇ ಕ್ಲಿಕ್ ಮಾಡಿದ. ವನಜಾಕ್ಷಿ ಮಗಳನ್ನು ಅಲ್ಲೇ ಬಿಟ್ಟು ಸಂಜೆಯ ಬಸ್ಸಿಗೆ ಇನ್ನಂಜೆಗೆ ಮರಳಿದಳು. ಬಸ್ಸಿನಲ್ಲಿ ಅವನೂ ಇದ್ದ. ಅವಳು ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತಿದ್ದಳು, ಅವನು ತನ್ನ ಹಳದಿ ಕಾಗದದ ಬಗ್ಗೆ ಹೇಳುತ್ತಲೇ ಇದ್ದ.

ಮಾತು ತಪ್ಪಿದ್ದು ಒಂದು ಸಲ. ಮನುಷ್ಯ ಒಂದು ಸಲ ಬಾಯಿ ತಪ್ಪಿ ಏನೋ ಹೇಳುತ್ತಾನೆ, ಅದಕ್ಕೆ ಕ್ಷಮೆ ಇರಬಹುದು. ಆದರೆ ಪ್ರಿಂಟ್ ಬಂದ ದಿನವನ್ನು ಅವನು ಎಲ್ಲಿ ಬಚ್ಚಿಡಬೇಕು? ಮೋಹಿನಿ ಇನ್ನೂ ಬದುಕಿದ್ದಳು. ಸ್ಟುಡಿಯೋದ ಬಾಗಿಲಲ್ಲಿ, ಹಗಲ ಬೆಳಕಿನಲ್ಲಿ, ಈಗ ಜೇಬಿನಲ್ಲಿರುವ ಚಿಕ್ಕ ಪ್ರಿಂಟನ್ನು ಲಕೋಟೆ ಹರಿದು ನೋಡಿದ. ಗೋಡೆ ಬಿಳಿ. ಪ್ರಭಾವತಿಯ ನರೆಗೂದಲು ಬಿಳಿ. ಮಲ್ಲಿಗೆ ಅಪ್ಪಟ ಬಿಳಿ. ಮುಟ್ಟಿದರೆ ಬೆರಳಿಗೆ ತಣ್ಣಗಾಗಬೇಕು, ಅಂಥದ್ದು. ಇಡೀ ಚಾವಡಿ ಹೇಗಿತ್ತೋ ಹಾಗೆಯೇ ಬಂದಿತ್ತು, ಎರಡು ವರ್ಷದ ಅವನ ತಪಸ್ಸು ಫಲಿಸಿತ್ತು. ಮಧ್ಯದಲ್ಲಿ ಕೂತ ಮೋಹಿನಿಯ ಮುಖ ಮಾತ್ರ ಹಳದಿ, ಕಣ್ಣು ಇನ್ನೂ ಹಳದಿ. ಫಿಲ್ಮ್ ಮೋಸ ಹೋಗಿರಲಿಲ್ಲ. ಅವನೇ ಹೇಳಿದ ಪರೀಕ್ಷೆ, ಹೂವು ಬಿಳಿ, ಕಣ್ಣು ಹಳದಿ, ಕೈಯಲ್ಲೇ ಇತ್ತು. ಆಗ ಅವನು ಕಾರ್ಕಳದ ಬಸ್ಸು ಹತ್ತಬೇಕಿತ್ತು. ಹತ್ತಿದ್ದು ಮಂಗಳೂರಿನ ಬಸ್ಸು. ತಾರಾನಾಥ ಈ ಫೋಟೋ ನೋಡಿ ಈ ಸಲ ಅರಸಿನ ಬಳಿದಿದ್ದೀರಾ ಎನ್ನುತ್ತಾನೆ ಎಂಬುದಷ್ಟೇ ಅವನ ತಲೆಯಲ್ಲಿತ್ತು. ಒಬ್ಬ ಹೆಂಗಸಿಗೆ ಕಾಯಿಲೆಯಾಗಿದೆ ಎಂಬುದು ಹೊಳೆಯಲೇ ಇಲ್ಲ. ಹೊಳೆಯಲಿಲ್ಲವೋ, ಹೊಳೆದದ್ದನ್ನು ಕೈಯಿಂದ ಆಚೆ ಸರಿಸಿದನೋ, ಇದನ್ನು ಅವನು ಎರಡು ತಿಂಗಳಿಂದ ಅಗೆದು ನೋಡುತ್ತಿದ್ದಾನೆ, ತಳ ಸಿಗುತ್ತಿಲ್ಲ. ಲ್ಯಾಬಿನ ಲಿಡ್ವಿನ್ ಪ್ರಿಂಟನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, 'ಎಂತ ಉಮಾನಾಥರೆ, ಹೂವು ಸರಿ ಉಂಟು, ಗೋಡೆ ಸರಿ ಉಂಟು. ಇನ್ನು ಹಳದಿ ತೆಗೆದರೆ ಹೂವೆಲ್ಲ ನೀಲಿ ಹೊಡೀತದೆ' ಎಂದಿದ್ದ. 'ಹೊಡೀಲಿ. ನನಗೆ ಮುಖ ಸರಿ ಆಗಬೇಕು' ಎಂದು ಉಮಾನಾಥ ಅಲ್ಲೇ ಬೆಂಚಿನಲ್ಲಿ ಕೂತು ಮಾಡಿಸಿಕೊಂಡು ಬಂದ. ಕಣ್ಣು ಬೆಳ್ಳಗಾಯಿತು. ಆ ವಾರವೇ ಮೋಹಿನಿ ಊಟ ಬಿಟ್ಟು ಮಂಪರಿಗೆ ಬಿದ್ದಳು. ಮಣಿಪಾಲಕ್ಕೆ ಕೊಂಡುಹೋದಾಗ ಡಾಕ್ಟರು ಅವಳ ರೆಪ್ಪೆ ಎಳೆದು ನೋಡಿ, ಇದು ಕಾಮಾಲೆ, ಒಂದು ವಾರ ಮೊದಲೇ ತರುವುದಲ್ವಾ ಎಂದರಂತೆ. ದಿನ ತುಂಬದ ಹೆಣ್ಣು ಮಗು ಉಳಿಯಿತು, ಅವಳು ಉಳಿಯಲಿಲ್ಲ.

ಇನ್ನಂಜೆಯಲ್ಲಿ ಇಳಿದು ಗದ್ದೆಯ ಬದುವಿನಲ್ಲಿ ನಡೆದ. ಪೈರು ಹಣ್ಣಾಗಿತ್ತು. ವನಜಾಕ್ಷಿ ಜಗಲಿಯಲ್ಲಿಯೇ ಇದ್ದಳು. ಅವಳ ಕಿರಿಮಗಳು ಬೇಬಿ ಒಳಗೆ ಅಕ್ಕನ ಮಗುವನ್ನು ತೂಗುತ್ತಿದ್ದಳು. ಜಗಲಿಯ ನೆರಳಿನಲ್ಲಿ ಪೇಪರು ಬಿಚ್ಚಿ ಫ್ರೇಮನ್ನು ಗೋಡೆಗೆ ಒರಗಿಸಿದ. ವನಜಾಕ್ಷಿ ಅದರ ಎದುರು ನೆಲದಲ್ಲಿ ಕೂತಳು. ಸೆರಗಿನಿಂದ ಗಾಜು ಒರೆಸಿದಳು, ಒರೆಸಿದಲ್ಲೇ ಮತ್ತೆ ಒರೆಸಿದಳು. ಅವನು ಜೇಬಿಗೆ ಕೈ ಹಾಕಿ ಚಿಕ್ಕ ಪ್ರಿಂಟಿನ ಅಂಚು ಹಿಡಿದುಕೊಂಡ. ಈಗ, ಎಂದುಕೊಂಡ. ಅವಳು ಮೊದಲು ಮಾತಾಡಿದಳು.

'ಬೇಬಿ, ಬಾ ಇಲ್ಲಿ. ಅಕ್ಕನ ಕಣ್ಣು ನೋಡು. ಎಷ್ಟು ಬೆಳ್ಳಗೆ ಉಂಟು ನೋಡು.'

ಬೇಬಿ ಬಾಗಿಲಿಗೆ ಬಂದು, 'ಹೂವು ಸ್ವಲ್ಪ ನೀಲಿ ಕಾಣ್ತದಲ್ಲ' ಎಂದಳು.

'ಹೂವು ಎಂತದೂ ಕಾಣಲಿ. ಕಣ್ಣು ನೋಡು ನೀನು.' ವನಜಾಕ್ಷಿ ಅವನ ಕಡೆ ತಿರುಗಿದಳು. ಅವಳ ಮುಖ ಸಡಿಲಾಗಿತ್ತು. 'ಉಮಾನಾಥ, ನಾನು ಯಾರ ಹತ್ರವೂ ಹೇಳಲಿಲ್ಲ. ಡಾಕ್ಟರು ಹಾಗೆ ಹೇಳಿದಂದಿನಿಂದ ನನಗೆ ಒಂದು ಗಳಿಗೆ ನಿದ್ದೆ ಇಲ್ಲ. ಅವತ್ತು ಹಳದಿ ಕಂಡದ್ದು ನನಗೆ. ಕಂಡೂ ಬಿಟ್ಟು ಬಂದೆನಲ್ಲ, ಹೆತ್ತವಳಾಗಿ ಎಳೆದುಕೊಂಡು ಬರಬೇಕಿತ್ತಲ್ಲ, ನಾನೇ ಅವಳನ್ನು ಕೊಂದೆ ಅಂತ ಇತ್ತು. ಈಗ ನೋಡು, ಅವತ್ತು ಅವಳಿಗೆ ಎಂತ ಸಹ ಇರಲಿಲ್ಲ. ಕಾಯಿಲೆ ಆಮೇಲೆ ಬಂದದ್ದು. ಅಲ್ವಾ? ನೀನು ಹೇಳಿದ ಹಾಗೆ ಅದು ಬಲ್ಬಿನದ್ದೇ ಅಲ್ವಾ?'

ಅವನು ಜೇಬಿನಿಂದ ಕೈ ತೆಗೆದ. ಕೈ ಬರಿದಾಗಿತ್ತು. 'ಹೌದು ವನಜಕ್ಕ. ಬಲ್ಬಿನದ್ದೇ' ಎಂದ. ಎಷ್ಟು ಸುಲಭವಾಗಿ ಬಂತು ಮಾತು. ಅವಳಿಗೆ ಸಮಾಧಾನ ಸಿಗಲೆಂದು ಹೇಳಿದೆ, ಇದು ಪುಣ್ಯದ ಸುಳ್ಳು, ಇನ್ನು ಇದನ್ನು ಒಬ್ಬನೇ ಹೊರುವುದೇ ನನಗೆ ಶಿಕ್ಷೆ ಎಂದೆಲ್ಲ ಮನಸ್ಸು ಒಡನೆಯೇ ಜೋಡಿಸಿಕೊಂಡಿತು. ಅದರ ಅಡಿಯಲ್ಲಿ, ಬದುಕಿಕೊಂಡೆ ಎನ್ನುವ ಒಂದು ನೀಚ ಸಂತೋಷವೂ ಇತ್ತು. ಬೇಬಿ ಫೋಟೋವನ್ನು ಒಳಗೆ ಕೊಂಡುಹೋಗಿ ಮೊಳೆಗೆ ತೂಗುಹಾಕಿದಳು. ವನಜಾಕ್ಷಿ ಅವನಿಗೆ ಚಾ ಕೊಟ್ಟಳು, ಎರಡು ತಿಂಗಳಿಂದ ಕಾಣದಿದ್ದ ಒಂದು ಹಗುರ ಅವಳ ನಡೆಯಲ್ಲಿತ್ತು. ಅವನು ಚಾ ಮುಗಿಸಿ ಎದ್ದಾಗ ಅವಳು ಮಗುವನ್ನು ಎತ್ತಿಕೊಂಡು ಬಂದಳು.

'ಹೋಗುವ ಮೊದಲು ಇದೊಂದು ನೋಡಿ ಹೇಳು. ಆಸ್ಪತ್ರೆಯಿಂದ ಬರುವಾಗ ಸರಿ ಇತ್ತು. ನಿನ್ನೆಯಿಂದ ನನಗೆ ಇದರ ಕಣ್ಣು ಹಳದಿ ಕಾಣ್ತದೆ. ಬೇಬಿ ಇಲ್ಲ ಅಂತಾಳೆ. ನನಗೆ ಹೆದರಿ ಹೆದರಿ ಎಲ್ಲ ಕಡೆ ಅದೇ ಕಾಣುವುದು. ಒಳಗೆ ಬಲ್ಬು ಬೇರೆ. ನೀನು ಹೇಳಿದರೆ ನನಗೆ ಧೈರ್ಯ.'

ಅವನು ಮಗುವನ್ನು ತೆಗೆದುಕೊಂಡು ಅಂಗಳಕ್ಕೆ ಇಳಿದ. ಬಲ್ಬಿಲ್ಲದ ಬೆಳಕು ಬೇಕು, ಒಂದು ಬಿಳಿ ಬೇಕು, ಪಕ್ಕದಲ್ಲಿಟ್ಟು ನೋಡಲು. ಗದ್ದೆಯ ಆಚೆ ಸೂರ್ಯ ಕೆಳಗಿಳಿದಿದ್ದ. ಪೈರು ಹಳದಿ, ಸುಣ್ಣದ ಕಟ್ಟೆ ಹಳದಿ, ಒಣಗಲು ಹಾಕಿದ ಬಿಳಿ ಪಂಚೆ ಹಳದಿ, ತನ್ನ ಕೈಯ ಉಗುರು ಕೂಡ ಹಳದಿ. ಮಗು ಬೆಳಕಿಗೆ ಕಣ್ಣು ಕಿರಿದು ಮಾಡಿ, ಮತ್ತೆ ತೆರೆದು, ಅವನನ್ನು ನೋಡಿತು. ಅವನು ಸೂರ್ಯನಿಗೆ ಬೆನ್ನು ಮಾಡಿ ನಿಂತ. ತನ್ನ ನೆರಳಿನಲ್ಲಿ ಹಿಡಿದು ನೋಡಿದ. ಹಳದಿ ಎಂದರೆ ಹಳದಿ, ಇಲ್ಲ ಎಂದರೆ ಇಲ್ಲ. ತನ್ನ ಈ ಕಣ್ಣುಗಳಿಂದಲೇ ಅವನು ಇಷ್ಟು ವರ್ಷ ಹೊಟ್ಟೆ ಹೊರೆದುಕೊಂಡಿದ್ದ. ಸಂಜೆಯದ್ದು ವನಜಕ್ಕ, ಬಿಸಿಲಿನದ್ದು ಎಂದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ.

'ನನಗೆ ಗೊತ್ತಾಗುವುದಿಲ್ಲ ವನಜಕ್ಕ' ಎಂದ. 'ಮಣಿಪಾಲಕ್ಕೆ ಕೊಂಡುಹೋಗಿ. ನಾಳೆ ಅಲ್ಲ, ಈಗಲೇ.'

'ಗೊತ್ತಾಗುವುದಿಲ್ಲವಾ?'

'ಇಲ್ಲ. ಬೆಳಕು ನೋಡಿ ಹೇಳುವ ವಿಷಯ ಅಲ್ಲ ಇದು. ಯಾರಿಗೂ ಹೇಳಲಿಕ್ಕೆ ಆಗುವುದಿಲ್ಲ.'

ಅವಳು ಮಗುವನ್ನು ಅವನ ಕೈಯಿಂದ ತೆಗೆದುಕೊಂಡಳು. ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದಳು, ಅವನು ಇಷ್ಟು ದಿನ ಊರವರ ಮುಖ ನೋಡುತ್ತಿದ್ದ ಹಾಗೆ. 'ಅವತ್ತು ಗೊತ್ತಾಗಿತ್ತಲ್ಲ ನಿನಗೆ' ಎಂದಳು. ಸ್ವರದಲ್ಲಿ ಸಿಟ್ಟಿರಲಿಲ್ಲ. ತಿಳಿಯದೆ ಕೇಳಿದವಳ ಹಾಗೆ ಕೇಳಿದಳು. ಆಮೇಲೆ ಬೇಬಿಗೆ, 'ಸೀರೆ ಉಟ್ಟುಕೋ, ಬಸ್ಸು ಉಂಟು ಈಗ' ಎಂದು ಹೇಳಿ, ಮಗುವಿಗೆ ಹೊದೆಸುವ ಶಾಲು ತರಲು ಒಳಗೆ ಹೋದಳು. ಒಳಗೆ ಕತ್ತಲಾಗುತ್ತಿತ್ತು. ಅವಳು ಸ್ವಿಚ್ಚು ಹಾಕಿದ ಸದ್ದು ಕೇಳಿಸಿತು.

ಅಂಗಳದಿಂದ ಅವನಿಗೆ ಬಾಗಿಲಿನೊಳಗೆ ಎಲ್ಲ ಕಾಣುತ್ತಿತ್ತು. ವೋಲ್ಟೇಜ್ ಇಲ್ಲದ ಬಲ್ಬು, ಅದರ ನೇರ ಕೆಳಗೆ ಗೋಡೆಯಲ್ಲಿ ಮೋಹಿನಿ. ಲಿಡ್ವಿನ್ ಹಳದಿ ತೆಗೆದು ನೀಲಿ ಮಾಡಿದ್ದ ಚಿತ್ರದ ಮೇಲೆ ಬಲ್ಬು ತನ್ನ ಹಳದಿಯನ್ನು ಮರಳಿ ಸುರಿದಿತ್ತು. ಎಷ್ಟು ತೆಗೆಸಿದ್ದನೋ ಅಷ್ಟೂ ವಾಪಸು ಬಂದಿತ್ತು. ನೀಲಿ ಹೊಡೆದಿದ್ದ ಮಲ್ಲಿಗೆ ಈಗ ಅಪ್ಪಟ ಬಿಳಿ. ಕಣ್ಣು ಅವತ್ತು ಇದ್ದ ಹಾಗೆ ಹಳದಿ. ಶಾಲು ಹಿಡಿದುಕೊಂಡು ಹೊರಡಲು ತಿರುಗಿದ ವನಜಾಕ್ಷಿ ಅಲ್ಲಿಯೇ ನಿಂತಳು. ಒಂದು ಹೆಜ್ಜೆ ಹತ್ತಿರ ಹೋದಳು. ಬೇಬಿ ಸೀರೆಯ ನೆರಿಗೆ ಹಿಡಿದುಕೊಂಡು ಬಂದು, 'ಅಮ್ಮ, ಬಸ್ಸು ಹೋಗ್ತದೆ' ಎಂದಳು. ವನಜಾಕ್ಷಿ ತಿರುಗಲಿಲ್ಲ. ಮಗುವನ್ನು ಎದೆಗೆ ಒತ್ತಿಕೊಂಡು, ಮಗಳ ಕಣ್ಣನ್ನೂ ಅವಳ ತಲೆಯ ಹೂವನ್ನೂ ನೋಡುತ್ತ, ಹೊರಗಿದ್ದವನಿಗೆ ಕೇಳುವಷ್ಟೇ ಸ್ವರದಲ್ಲಿ ಕೇಳಿದಳು.

'ಉಮಾನಾಥ, ಇದು ಸಹ ಬಲ್ಬಿನದ್ದಾ?'

ಅವನು ಅಂಗಳದಲ್ಲಿ ಚಪ್ಪಲಿ ಬಿಟ್ಟಿದ್ದ ಜಾಗದಲ್ಲೇ ನಿಂತಿದ್ದ. ಜೇಬಿನಲ್ಲಿದ್ದ ಚಿಕ್ಕ ಫೋಟೋ ಇನ್ನು ಯಾರಿಗೂ ಬೇಕಾಗಿರಲಿಲ್ಲ.